ಕತೆ, ಪ್ರಬಂಧ, ವರದಿ: ಉದ್ದೇಶ ಬದಲಾದರೆ ಬರಹದಲ್ಲಿ ಏನೇನು ಬದಲಾಗಬೇಕು?

ಕರಡುಪ್ರತಿ ಕೇಳಿದ್ದು (ಇಲ್ಲಿ ಮಾತಿನ ಮೇಲಿರುವ ಹೆಸರುಗಳೆಲ್ಲ ಬರೆದವರ ಅಡ್ಡಹೆಸರುಗಳು):

ಕತೆಗೆ ಭಾವ ಬೇಕು, ಸಂಶೋಧನಾ ಪ್ರಬಂಧಕ್ಕೆ ಆಧಾರ ಬೇಕು, ಕಚೇರಿ ವರದಿಗೆ ಸ್ಪಷ್ಟತೆ ಬೇಕು ಅನ್ನುವ ಮಾತು ಎಲ್ಲ ಕಡೆ ಸಿಗುತ್ತದೆ. ಬರೆಯಲು ಕೂತವರಿಗೆ ಅದರಿಂದ ಒಂದು ವಾಕ್ಯವೂ ದಕ್ಕುವುದಿಲ್ಲ. ಅದಕ್ಕೇ ಒಂದು ಘಟನೆಯನ್ನು ಮುಂದಿಟ್ಟು ಕೇಳುತ್ತಿದ್ದೇನೆ. ಒಂದು ಪ್ರಯೋಗಾಲಯ. ವಾರಾಂತ್ಯದಲ್ಲಿ ಕರೆಂಟ್ ಹೋಗಿದೆ. ಮೈನಸ್ 80 ಡಿಗ್ರಿಯಲ್ಲಿರಬೇಕಾದ ಫ್ರೀಜರ್ ಸೋಮವಾರ ಬೆಳಿಗ್ಗೆ ಮೈನಸ್ 20 ತೋರಿಸುತ್ತಿದೆ. ಒಳಗೆ ರಕ್ತದ ಮಾದರಿಗಳಿವೆ. ಅಲಾರಂ ಹೊಡೆದಿತ್ತು, ಕೇಳಿಸಿಕೊಳ್ಳಲು ಕಟ್ಟಡದಲ್ಲಿ ಯಾರೂ ಇರಲಿಲ್ಲ. ಇದನ್ನೇ ಕತೆಯಾಗಿ, ಪ್ರಬಂಧವಾಗಿ, ವರದಿಯಾಗಿ ಬರೆಯುವಾಗ ಯಾವುದು ಮೊದಲು ಬರಬೇಕು, ಯಾವುದನ್ನು ಬಿಡಬೇಕು, ವಾಕ್ಯ ಹೇಗೆ ಬದಲಾಗಬೇಕು?

ಅಡಿಟಿಪ್ಪಣಿ:

ಮೊದಲು ಒಂದು ವಾಕ್ಯ ಬರೆದಿಟ್ಟುಕೊಳ್ಳಿ: ‘ಇದನ್ನು ಓದಿದ ಮೇಲೆ ಇಂಥವರು ಇಂಥದ್ದನ್ನು ಮಾಡಬೇಕು.’ ಅಲ್ಲಿ ‘ಮಾಹಿತಿ ನೀಡುವುದು’, ‘ಅರಿವು ಮೂಡಿಸುವುದು’ ಅಂತ ಬರೆದರೆ ಪ್ರಯೋಜನವಿಲ್ಲ. ಅದನ್ನಿಟ್ಟುಕೊಂಡು ಯಾವ ಮಾಹಿತಿಯನ್ನೂ ಹೊರಗಿಡಲು ಬರುವುದಿಲ್ಲ. ನಮ್ಮ ಶಾಸ್ತ್ರಗ್ರಂಥಗಳು ಆರಂಭದಲ್ಲೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಕೊಳ್ಳುತ್ತಿದ್ದವು. ಅನುಬಂಧ ಚತುಷ್ಟಯ ಅನ್ನುವುದು ಇದನ್ನೇ. ಅಧಿಕಾರಿ ಅಂದರೆ ಆ ಗ್ರಂಥವನ್ನು ಓದಲು ತಕ್ಕವನು. ಅವನನ್ನೂ ಪ್ರಯೋಜನವನ್ನೂ ಒಂದೇ ಪಟ್ಟಿಯಲ್ಲಿ ಇಟ್ಟದ್ದು ಬಹಳ ಸರಿ, ಓದುವವರು ಯಾರೆಂದು ಗೊತ್ತಾಗದೆ ಉದ್ದೇಶ ನಿಕ್ಕಿಯಾಗುವುದಿಲ್ಲ.

ನಿಮ್ಮ ಘಟನೆಯಲ್ಲಿ ಅಲಾರಂ ಒಂದನ್ನೇ ಹಿಡಿದು ನೋಡಿ. ವರದಿ ಓದುವ ಮುಖ್ಯಸ್ಥರು ಎರಡು ತೀರ್ಮಾನ ತೆಗೆದುಕೊಳ್ಳಬೇಕು: ಯಾವ ಮಾದರಿಗಳನ್ನು ಎಸೆಯುವುದು, ಅಲಾರಂ ಅನ್ನು ಫೋನಿಗೆ ಜೋಡಿಸಲು ಒಪ್ಪುವುದೋ ಇಲ್ಲವೋ. ಹಾಗಾಗಿ ಅಲಾರಂ ವಿಷಯ ಮೊದಲ ಪ್ಯಾರಾದಲ್ಲೇ ಬರಬೇಕು. ಪ್ರಬಂಧದ ಪ್ರಶ್ನೆ ‘ಮೈನಸ್ 20ರವರೆಗೆ ಏರಿದ ಮಾದರಿಯಲ್ಲಿ ಇಂಥ ಪ್ರೋಟೀನ್ ಉಳಿಯುತ್ತದೆಯೇ’ ಎಂದಿದ್ದರೆ ಅಲಾರಂ ಅಲ್ಲಿಗೆ ಬೇಡವೇ ಬೇಡ. ಯಾವ ತಾಪಮಾನದಲ್ಲಿ ಎಷ್ಟು ಗಂಟೆ ಇತ್ತು, ಮಾದರಿ ಎಷ್ಟು, ಹೋಲಿಸಲು ಕೆಡದ ಫ್ರೀಜರಿನ ಮಾದರಿ ಇದೆಯೇ ಅನ್ನುವುದಷ್ಟೇ ಬೇಕು. ಕತೆಯಲ್ಲಿ ಅದೇ ಅಲಾರಂ ಖಾಲಿ ಕಟ್ಟಡದಲ್ಲಿ ಹೊಡೆಯುತ್ತಲೇ ಇರಬಹುದು, ಯಾಕೆಂದು ಓದುಗರಿಗೆ ಬಹಳ ಹೊತ್ತು ತಿಳಿಯದೆಯೂ ಇರಬಹುದು.

ಪೂರ್ಣವಿರಾಮ:

ವೃತ್ತಿಪರ ಬರಹದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಇಲ್ಲಿ ವಾಕ್ಯ ತಪ್ಪಿದರೆ ಪೆಟ್ಟು ಬೀಳುವುದು ಓದಿದವರಿಗೆ.

ಕನ್ನಡದ ವರದಿಗಳನ್ನು ಹೆಚ್ಚು ಕೆಡಿಸುವುದು ‘ಮಾಡಲಾಯಿತು’, ‘ಮಾಡಲಾಗಿದೆ’. ‘ಅಲಾರಂ ಗಮನಿಸಲಾಗಿರಲಿಲ್ಲ’ ಅಂದರೆ ಅದು ಯಾರ ಕೆಲಸವಾಗಿತ್ತು ಅನ್ನುವುದು ಮಾಯವಾಗುತ್ತದೆ, ಸರಿಪಡಿಸುವ ಹೊಣೆಯೂ ಜೊತೆಗೇ ಮಾಯವಾಗುತ್ತದೆ. ‘ಶನಿವಾರ, ಭಾನುವಾರ ಅಲಾರಂ ನೋಡುವ ಕೆಲಸವನ್ನು ಯಾರಿಗೂ ವಹಿಸಿರಲಿಲ್ಲ’ ಅಂತ ಬರೆಯಿರಿ. ಯಾರ ಮೇಲೂ ಬೊಟ್ಟು ಮಾಡದೆ, ವ್ಯವಸ್ಥೆಯಲ್ಲಿ ಎಲ್ಲಿ ತೂತಿದೆ ಅಂತ ತಿಳಿಯುತ್ತದೆ. ಅದೇ ‘ಮಾಡಲಾಯಿತು’ ರೂಪ ಪ್ರಬಂಧದ ವಿಧಾನ ಭಾಗದಲ್ಲಿ ಸಲ್ಲುತ್ತದೆ: ‘ಮಾದರಿಗಳನ್ನು 4 ಡಿಗ್ರಿಯಲ್ಲಿ ಕರಗಿಸಲಾಯಿತು.’ ಕರಗಿಸಿದವರು ಯಾರು ಅನ್ನುವುದು ಅಲ್ಲಿ ಮುಖ್ಯವಲ್ಲ.

ಆಮೇಲೆ ಕಡ್ಡಾಯದ ಮಟ್ಟ. ‘ಮುಚ್ಚಿ’, ‘ಮುಚ್ಚಬೇಕು’, ‘ಮುಚ್ಚತಕ್ಕದ್ದು’, ‘ಮುಚ್ಚುವುದು ಒಳ್ಳೆಯದು’, ‘ಮುಚ್ಚಬಹುದು’ ಇವೆಲ್ಲ ಒಂದೇ ಕೈಪಿಡಿಯಲ್ಲಿ ಬೆರೆತರೆ ಯಾವುದನ್ನು ಬಿಟ್ಟರೆ ನಡೆಯುತ್ತದೆ ಅಂತ ಓದುಗರು ಊಹಿಸಬೇಕಾಗುತ್ತದೆ. ಇಂಟರ್ನೆಟ್ ಮಾನದಂಡಗಳನ್ನು ಬರೆಯುವವರು 1997ರ ಆರ್‌ಎಫ್‌ಸಿ 2119 ಎಂಬ ದಾಖಲೆಯಲ್ಲಿ ‘ಮಸ್ಟ್’, ‘ಶುಡ್’, ‘ಮೇ’ ಪದಗಳಿಗೆ ಇಂಥದ್ದೇ ಅರ್ಥ ಅಂತ ಗೊತ್ತುಮಾಡಿಬಿಟ್ಟರು. ಮೊದಲನೆಯದಕ್ಕೆ ವಿನಾಯಿತಿಯಿಲ್ಲ. ಎರಡನೆಯದನ್ನು ತಕ್ಕ ಕಾರಣವಿದ್ದು, ಪರಿಣಾಮ ಅರಿತಿದ್ದರೆ ಬಿಡಬಹುದು. ಮೂರನೆಯದು ಐಚ್ಛಿಕ. ಕನ್ನಡದಲ್ಲೂ ‘ಬೇಕು’, ‘ಒಳ್ಳೆಯದು’, ‘ಬಹುದು’ ಎಂಬ ಮೂರನ್ನೇ ಇಟ್ಟುಕೊಂಡು, ಅರ್ಥವನ್ನು ಮೊದಲ ಪುಟದಲ್ಲಿ ಹೇಳಿದರೆ ಸಾಕು.

ಇನ್ನು ಹಂತಗಳು. ವಿಮಾನ ನಿರ್ವಹಣೆಯ ಕೈಪಿಡಿಗಳಿಗೆಂದು ರೂಪಿಸಿದ ಎಎಸ್‌ಡಿ-ಎಸ್‌ಟಿಇ100 ಎಂಬ ಸರಳ ಇಂಗ್ಲಿಷ್ ಮಾನದಂಡದಲ್ಲಿ ಸೂಚನೆಯ ವಾಕ್ಯಕ್ಕೆ 20 ಪದಗಳ ಮಿತಿಯಿದೆ, ವಿವರಣೆಯ ವಾಕ್ಯಕ್ಕೆ 25. ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ 20 ಜಾಸ್ತಿಯಾಯಿತು, 12ರೊಳಗೆ ನಿಲ್ಲಿಸುವುದು ಒಳ್ಳೆಯದು. ನಮ್ಮಲ್ಲಿ ಇನ್ನೊಂದು ಅಪಾಯವಿದೆ: ಕ್ರಿಯೆಗಳನ್ನು ಪೋಣಿಸುತ್ತಾ ಹೋಗುವ ಸಲೀಸು. ‘ಬಾಗಿಲು ತೆರೆದು, ಟ್ರೇ ಹೊರತೆಗೆದು, ಪೆಟ್ಟಿಗೆಗಿಟ್ಟು, ತಾಪಮಾನ ಬರೆದುಕೊಳ್ಳಿ’ ಎಂಬ ವಾಕ್ಯ ಕಿವಿಗೆ ಹಿತವಾಗಿದೆ. ಆದರೆ ಬಾಗಿಲು ತೆರೆದೊಡನೆ ತಾಪಮಾನ ಏರುತ್ತದೆ, ಮೊದಲು ಬರೆದುಕೊಳ್ಳಬೇಕಿತ್ತು. ಒಂದೊಂದು ಸಾಲಿಗೆ ಒಂದೊಂದು ಕೆಲಸ ಬರೆದಿದ್ದರೆ ಈ ಹಿಂದುಮುಂದು ಕಣ್ಣಿಗೆ ಬೀಳುತ್ತಿತ್ತು. ಎಚ್ಚರಿಕೆಯೂ ಹಂತಕ್ಕಿಂತ ಮೊದಲೇ ಬರಬೇಕು, ಜನ ಓದುತ್ತಾ ಓದುತ್ತಾ ಮಾಡುತ್ತಾರೆ.

ಹಾಳೆಯಂಚು:

ಪ್ರಬಂಧದ ಓದುಗರ ಕೆಲಸ ಪರೀಕ್ಷಿಸುವುದು. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಅನ್ನುವ ವಿಂಗಡಣೆ ಬೇರೂರಿದ್ದು ಅದಕ್ಕೇ. ಅನುಮಾನ ಬಂದವರು ನೇರ ವಿಧಾನಕ್ಕೆ ಹೋಗಿ ನೋಡಬಹುದು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಕೆಲಸ ನಡೆದ ಕ್ರಮದಲ್ಲೇ ಬರೆಯುವುದು: ಕರೆಂಟ್ ಹೋಯಿತು, ಫ್ರೀಜರ್ ನೋಡಿದೆವು, ಪರೀಕ್ಷೆ ಮಾಡಿದೆವು. ಪೀಠಿಕೆಗೆ ಭಾಷಾತಜ್ಞ ಜಾನ್ ಸ್ವೇಲ್ಸ್ 1990ರಲ್ಲಿ ವಿವರಿಸಿದ ಮೂರು ನಡೆಗಳು ಸಾಕು. ಕ್ಷೇತ್ರ ತೋರಿಸಿ: ಶೈತ್ಯದಲ್ಲಿಟ್ಟ ಮಾದರಿಗಳ ಮೇಲೆ ಇಂಥ ಸಂಶೋಧನೆಗಳು ನಿಂತಿವೆ. ಕೊರತೆ ತೋರಿಸಿ: ಅಲ್ಪಕಾಲ ತಾಪ ಏರಿದರೆ ಈ ಪ್ರೋಟೀನ್ ಏನಾಗುತ್ತದೆಂದು ಅಳೆದಿಲ್ಲ. ಆ ಜಾಗ ತುಂಬಿ: ಇಲ್ಲಿ ಅದನ್ನು ಅಳೆದಿದ್ದೇವೆ.

‘ತೋರಿಸುತ್ತದೆ’, ‘ಸೂಚಿಸುತ್ತದೆ’, ‘ಇರಬಹುದು’ ಇವು ಖಚಿತತೆಯ ಮೂರು ಮೆಟ್ಟಿಲು. ನಿಮ್ಮ ಘಟನೆ ಆಕಸ್ಮಿಕ, ತಾಪಮಾನ ಏರಿದ ವೇಗ ಯಾರ ಹಿಡಿತದಲ್ಲೂ ಇರಲಿಲ್ಲ. ಹಾಗಾಗಿ ‘ಸೂಚಿಸುತ್ತದೆ’ಗಿಂತ ಮೇಲೆ ಹತ್ತುವ ಹಾಗಿಲ್ಲ. ಪ್ರತಿ ವಾಕ್ಯಕ್ಕೂ ‘ಇರಬಹುದು’ ಹಚ್ಚಿದರೂ ಕೆಡುತ್ತದೆ. ಅಳತೆ ಮಾಡಿದ ಸಂಖ್ಯೆಗೆ ಅದು ಬೇಡ, ಕಾರಣ ಹೇಳುವಲ್ಲಿ ಮಾತ್ರ ಬೇಕು.

ಮಸಿಕುಡಿಕೆ:

ಅಡಿಟಿಪ್ಪಣಿಯವರ ‘ಓದಿದ ಮೇಲೆ ಏನು ಮಾಡಬೇಕು’ ಅನ್ನುವ ವಾಕ್ಯವನ್ನು ಕತೆಗೆ ಮೊದಲೇ ಬರೆದಿಟ್ಟುಕೊಳ್ಳಬೇಡಿ. ಇಟ್ಟುಕೊಂಡರೆ ಕೊನೆಯ ಪ್ಯಾರಾದಲ್ಲಿ ಪಾತ್ರವೊಂದು ನಿಂತು ನೀತಿ ಹೇಳುತ್ತದೆ. ಹನ್ನೊಂದನೆಯ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟ ಕಾವ್ಯಕ್ಕೆ ಆರು ಪ್ರಯೋಜನ ಹೇಳುತ್ತಾನೆ: ಕೀರ್ತಿ, ಹಣ, ಲೋಕವ್ಯವಹಾರದ ತಿಳಿವಳಿಕೆ, ಅಮಂಗಳ ನಿವಾರಣೆ, ಓದಿದೊಡನೆ ಸಿಗುವ ಪರಮಾನಂದ, ಕಾಂತೆಯ ಮಾತಿನಂಥ ಉಪದೇಶ. ಮೊದಲೆರಡು ಬರೆದವನ ಉದ್ದೇಶಗಳು, ಅವುಗಳಿಂದ ಒಂದು ಪದವೂ ತೀರ್ಮಾನವಾಗುವುದಿಲ್ಲ. ವಾಕ್ಯವನ್ನು ರೂಪಿಸುವುದು ಕೊನೆಯೆರಡು, ಅಲ್ಲೂ ಉಪದೇಶ ಅಪ್ಪಣೆಯಾಗಿ ಬರುವುದಿಲ್ಲ.

ಮೊದಲ ಕರಡು ಮುಗಿಯಲಿ. ತಿದ್ದುವಾಗ ಪ್ರತಿ ಮಾಹಿತಿಗೂ ಕೇಳಿ: ಓದುಗರಿಗೆ ಇದು ಈಗಲೇ ತಿಳಿಯಬೇಕೇ, ಯಾರ ಬಾಯಿಂದ? ‘ಅವಳು ಫ್ರೀಜರ್ ತೆರೆದಳು’ ಅಂದರೆ ನಾವು ಜೊತೆಯಲ್ಲಿದ್ದೇವೆ. ‘ತೆರೆಯುತ್ತಿದ್ದಳು’ ಅಂದರೆ ಅದು ದಿನಾ ನಡೆಯುವ ಸಂಗತಿಯಾಗುತ್ತದೆ. ‘ತೆರೆದಿದ್ದಳಂತೆ’ ಅಂದೊಡನೆ ಹೇಳುವವನ ಮೇಲೇ ಸಂಶಯ ಬರುತ್ತದೆ. ವರದಿಯಲ್ಲಿ ಆ ‘ಅಂತೆ’ ನುಸುಳಿದರೆ ದೋಷ, ಕತೆಯಲ್ಲಿ ಕೆಲವೊಮ್ಮೆ ಇಡೀ ಕತೆಯೇ ಅದರ ಮೇಲೆ ನಿಂತಿರುತ್ತದೆ.

ಕರಡುಪ್ರತಿ:

ತಿದ್ದುವಾಗಿನ ಪ್ರಶ್ನೆ ಚೆನ್ನಾಗಿದೆ. ಹೊಸ ಫ್ರೀಜರಿಗಾಗಿ ಅನುದಾನದ ಅರ್ಜಿ ಬರೆದರೆ ಅದು ಯಾವ ಕಡೆಗೆ ಸೇರುತ್ತದೆ?

ಅಡಿಟಿಪ್ಪಣಿ:

ಸಾಮಗ್ರಿ ಪ್ರಬಂಧದ್ದು, ಉದ್ದೇಶ ವರದಿಯದ್ದು. ಅಂಕ ಹಾಕುವವರ ಶೀರ್ಷಿಕೆಗಳನ್ನೇ ಅವರದೇ ಕ್ರಮದಲ್ಲಿ ಬಳಸಿ. ಬಜೆಟ್ಟಿನ ಪ್ರತಿ ಸಾಲೂ ಯೋಜನೆಯ ಯಾವುದಾದರೂ ಒಂದು ಕೆಲಸಕ್ಕೆ ತಗಲಿಕೊಂಡಿರಬೇಕು, ತಗಲದ ಸಾಲನ್ನೇ ಮೊದಲು ಕತ್ತರಿಸುತ್ತಾರೆ. ಹಾಳೆಯಂಚು ಹೇಳಿದ ‘ಸೂಚಿಸುತ್ತದೆ’, ‘ಇರಬಹುದು’ ಹಿನ್ನೆಲೆಯ ಭಾಗದಲ್ಲಿರಲಿ. ಕಾರ್ಯಯೋಜನೆಯಲ್ಲಿ ‘ಮೂರನೇ ತಿಂಗಳೊಳಗೆ ಅಲಾರಂ ಅನ್ನು ಫೋನಿಗೆ ಜೋಡಿಸುತ್ತೇವೆ’ ಅಂತಲೇ ಬರೆಯಿರಿ.