ವಿಕಿರಣ ಚಿಕಿತ್ಸೆ ಮುಗಿದ ವರ್ಷದ ಮೇಲೆ ಕಿಡ್ನಿ ತೊಂದರೆ: ಎರಡಕ್ಕೂ ಸಂಬಂಧವಿದೆಯೇ?

ಪ್ರಶ್ನೆ

ನಮ್ಮ ತಂದೆಯವರಿಗೆ ಜಠರದ ಕ್ಯಾನ್ಸರಿಗೆಂದು ಐದು ವಾರ ವಿಕಿರಣ ಚಿಕಿತ್ಸೆ ನಡೆದಿತ್ತು. ಅದು ಮುಗಿದು ವರ್ಷ ದಾಟಿದೆ. ಈಗ ಹಿಂದೆಂದೂ ಇಲ್ಲದ ರಕ್ತದೊತ್ತಡ ಕಾಣಿಸಿಕೊಂಡಿದೆ. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) ನಿಧಾನವಾಗಿ ಏರುತ್ತಿದೆ. ಚಿಕಿತ್ಸೆಯ ದಿನಗಳಲ್ಲಿ ಮಾಡಿದ ಪರೀಕ್ಷೆಗಳೆಲ್ಲ ಸರಿಯಾಗಿಯೇ ಇದ್ದವು. ಇಷ್ಟು ತಡವಾಗಿ ಬಂದ ತೊಂದರೆಗೆ ವಿಕಿರಣ ಕಾರಣವಾಗಿರಬಹುದೇ? ಪದೇ ಪದೇ ಸಿಟಿ ಸ್ಕ್ಯಾನ್ ಮಾಡಿಸಿದ್ದರಿಂದಲೂ ಹೀಗಾಗುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಮೂತ್ರಪಿಂಡ ತಜ್ಞೆ)

ಖಂಡಿತ ಇರಬಹುದು, ತಡವಾಗಿ ಬರುವುದೇ ವಿಕಿರಣದಿಂದಾಗುವ ಕಿಡ್ನಿ ಕಾಯಿಲೆಯ ಸ್ವಭಾವ. ವಿಕಿರಣದಿಂದ ಡಿಎನ್‌ಎಗೆ ಬಿದ್ದ ಪೆಟ್ಟು ಹೆಚ್ಚಾಗಿ ಜೀವಕೋಶ ವಿಭಜನೆಯಾಗುವ ಹೊತ್ತಿಗೆ ಹೊರಬೀಳುತ್ತದೆ. ಬಾಯಿಯ ಒಳಪೊರೆಯ ಕೋಶಗಳು ಬೇಗಬೇಗ ವಿಭಜನೆಯಾಗುವುದರಿಂದ ಅಲ್ಲಿ ಕೆಲವೇ ವಾರಗಳಲ್ಲಿ ಹುಣ್ಣೇಳುತ್ತದೆ. ಮೂತ್ರಪಿಂಡದ ಕೋಶಗಳು ಬಹಳ ನಿಧಾನವಾಗಿ ವಿಭಜನೆಯಾಗುವುದರಿಂದ ಹಾನಿಯು ತಿಂಗಳುಗಟ್ಟಲೆ ಒಳಗೇ ಉಳಿದು, ಸಾಮಾನ್ಯವಾಗಿ 6ರಿಂದ 12 ತಿಂಗಳ ಮೇಲೆ, ಕೆಲವರಲ್ಲಿ ಹಲವು ವರ್ಷಗಳ ಮೇಲೆ ಕಾಣಿಸಿಕೊಳ್ಳುತ್ತದೆ.

ಮೊದಲು ಏಟು ತಿನ್ನುವುದು ರಕ್ತವನ್ನು ಸೋಸುವ ಗ್ಲಾಮೆರುಲಸ್‌ಗಳು, ಅಂದರೆ ಕೂದಲಿಗಿಂತ ಸಣ್ಣ ರಕ್ತನಾಳಗಳ ಗುಚ್ಛಗಳು. ಆ ನಾಳಗಳ ಒಳಪದರ ಊದಿಕೊಂಡು ತಳಪೊರೆಯಿಂದ ಬೇರ್ಪಡುತ್ತದೆ, ಅಲ್ಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಆ ಇಕ್ಕಟ್ಟಿನಲ್ಲಿ ನುಸುಳುವ ಕೆಂಪು ರಕ್ತಕಣಗಳು ಒಡೆದು ಚೂರಾಗುತ್ತವೆ. ಹಾಗಾಗಿ ಕಿಡ್ನಿ ಸೋತಿರುವ ಪ್ರಮಾಣಕ್ಕೆ ಹೊಂದದಷ್ಟು ರಕ್ತಹೀನತೆ ಕಂಡರೆ ನಮಗೆ ಅನುಮಾನ ಬಲವಾಗುತ್ತದೆ. ನಿಮ್ಮ ತಂದೆಯವರ ಹಿಮೋಗ್ಲೋಬಿನ್ ಎಷ್ಟಿದೆಯೆಂದು ನೋಡಿಸಿ. ಮುಂದೆ ನಾಳಿಕೆಗಳು (ಸೋಸಿದ ದ್ರವ ಹರಿದು ಮೂತ್ರವಾಗುವ ಸಣ್ಣ ಕೊಳವೆಗಳು) ಸೊರಗಿ, ನಡುವಿನ ಅಂಗಾಂಶ ಗಡುಸಾಗುತ್ತದೆ. ಕಿಡ್ನಿಯೇ ಸ್ರವಿಸುವ ರೆನಿನ್ ಎಂಬ ವಸ್ತು ಹೆಚ್ಚಿ ರಕ್ತದೊತ್ತಡ ಏರುತ್ತದೆ, ಆ ಒತ್ತಡ ಉಳಿದ ಗ್ಲಾಮೆರುಲಸ್‌ಗಳನ್ನೂ ಕೆಡಿಸುತ್ತದೆ.

ಉತ್ತರ 2 (ವಿಕಿರಣ ಚಿಕಿತ್ಸಾ ವಿಭಾಗದ ಭೌತವಿಜ್ಞಾನಿ)

ಪ್ರಮಾಣದ ಮಾತೇ ಇಲ್ಲಿ ಮುಖ್ಯ. ಕಂತುಕಂತಾಗಿ ಕೊಡುವ ಚಿಕಿತ್ಸೆಯಲ್ಲಿ ಎರಡೂ ಮೂತ್ರಪಿಂಡಗಳಿಗೆ ತಗಲುವ ಸರಾಸರಿ ಪ್ರಮಾಣವನ್ನು 18 ಗ್ರೇಗಿಂತ (ಗ್ರೇ ಎಂದರೆ ಅಂಗಾಂಶ ಹೀರಿಕೊಂಡ ವಿಕಿರಣದ ಅಳತೆ) ಕೆಳಗಿಟ್ಟರೆ ಅಪಾಯ ಶೇಕಡಾ 5ರ ಒಳಗಿರುತ್ತದೆಂದು ಅಂದಾಜು. 28 ಗ್ರೇ ಹೊತ್ತಿಗೆ ಅದು ಶೇಕಡಾ 50ನ್ನು ಮುಟ್ಟುತ್ತದೆ. ಅಸ್ಥಿಮಜ್ಜೆ ಕಸಿಗೆ ಮುನ್ನ ಇಡೀ ದೇಹಕ್ಕೆ ವಿಕಿರಣ ಕೊಡುವಾಗ, ಜೊತೆಯ ಕೀಮೋಥೆರಪಿಯ ಪಾಲೂ ಸೇರಿ, ಸುಮಾರು 10 ಗ್ರೇಯಲ್ಲಿಯೇ ಹಾನಿಯಾಗುವುದುಂಟು. ಪ್ರತಿ ಕಿಡ್ನಿಯ ಎಷ್ಟು ಭಾಗಕ್ಕೆ ಎಷ್ಟು ಗ್ರೇ ತಗಲಿತೆಂಬುದು ಚಿಕಿತ್ಸಾ ಯೋಜನೆಯ ಕಡತದಲ್ಲಿ ಇರುತ್ತದೆ. ಅದನ್ನು ಕೇಳಿ ಪಡೆದು ಮೂತ್ರಪಿಂಡ ತಜ್ಞರಿಗೆ ತೋರಿಸಿ.

ಸಿಟಿ ಸ್ಕ್ಯಾನಿನ ವಿಷಯ ಬೇರೆ. ಹೊಟ್ಟೆಯ ಒಂದು ಸ್ಕ್ಯಾನಿನಲ್ಲಿ ಕಿಡ್ನಿಗೆ ತಗಲುವುದು ಹತ್ತಿಪ್ಪತ್ತು ಮಿಲಿಗ್ರೇ ಮಾತ್ರ. ಸಾವಿರ ಮಿಲಿಗ್ರೇ ಸೇರಿದರೆ ಒಂದು ಗ್ರೇ. ಅದರಿಂದ ಈ ಕಾಯಿಲೆ ಬರುವುದಿಲ್ಲ. ಆದರೆ ಕ್ರಿಯಾಟಿನಿನ್ ಏರಿರುವವರು ಸ್ಕ್ಯಾನಿಗಾಗಿ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧಿಗೆ ಮುನ್ನ ಆ ವಿಷಯವನ್ನು ತಪ್ಪದೆ ತಿಳಿಸಬೇಕು.

ಉತ್ತರ 3

ನಮ್ಮ ಚಿಕ್ಕಮ್ಮನವರಿಗೆ ಲುಟೇಶಿಯಮ್-177 ಚಿಕಿತ್ಸೆ (ರಕ್ತನಾಳಕ್ಕೆ ವಿಕಿರಣಶೀಲ ಔಷಧಿ ಕೊಡುವುದು) ಆದಾಗ ಲೈಸಿನ್ ಮತ್ತು ಆರ್ಜಿನಿನ್ ಎಂಬ ಅಮೈನೋ ಆಮ್ಲಗಳನ್ನು ಬೆರೆಸಿದ ಡ್ರಿಪ್ಪನ್ನು ಗಂಟೆಗಟ್ಟಲೆ ಹಾಕಿದ್ದರು. ಔಷಧಿಯನ್ನು ಕಿಡ್ನಿಯ ನಾಳಿಕೆಗಳು ಮರಳಿ ಹೀರಿಕೊಂಡು ತಮ್ಮಲ್ಲೇ ಇಟ್ಟುಕೊಳ್ಳದಂತೆ ತಡೆಯಲು ಅದು ಬೇಕೆಂದು ವೈದ್ಯರು ವಿವರಿಸಿದರು. ಹೊರಗಿನಿಂದ ವಿಕಿರಣ ಪಡೆದವರಿಗೂ ಅದರಿಂದ ಉಪಯೋಗವಿದೆಯೇ?

ಉತ್ತರ 1 ಬರೆದವರಿಂದ

ಇಲ್ಲ, ಅದು ದೇಹದೊಳಗೆ ಕೊಡುವ ಅಂಥ ಔಷಧಿಗಳಿಗೆ ಮಾತ್ರ. ಪ್ರಶ್ನೆ ಕೇಳಿದವರ ತಂದೆಯವರಂಥವರಿಗೆ ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದೇ ಚಿಕಿತ್ಸೆಯ ತಿರುಳು. ಕ್ಯಾಪ್ಟೋಪ್ರಿಲ್, ಎನಲಾಪ್ರಿಲ್ ವರ್ಗದ ಮಾತ್ರೆಗಳನ್ನು ನಾವು ಮೊದಲು ಆರಿಸಿಕೊಳ್ಳುತ್ತೇವೆ. ಅವನ್ನು ಶುರುಮಾಡಿದ ಒಂದೆರಡು ವಾರಗಳಲ್ಲಿ ಪೊಟ್ಯಾಸಿಯಮ್ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲೇಬೇಕು.