ಸಹಾಯ ಬೇಕು: ರೇಡಿಯೋದಲ್ಲಿ ನಮ್ಮೂರ ಸುದ್ದಿಯೂ ಬರಲಿ

ಎಲ್ಲರಿಗೂ ನಮಸ್ಕಾರ. ನಾನು ನವಲಗುಂದ ಕಡೆಯವನು. ನಮ್ಮವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ರೇಡಿಯೋ ಇರಲೇಬೇಕು. ಹಿಟ್ಟಿನ ಕೈಯಲ್ಲೇ ತಿರುವಿ ತಿರುವಿ ಅದರ ಗುಂಡಿ ಬೆಳ್ಳಗಾಗಿದೆ. ಧಾರವಾಡ ಆಕಾಶವಾಣಿ 1950ರಿಂದ ನಮ್ಮ ಭಾಗದ ದನಿ. ಅದರ ಮೇಲೆ ಪ್ರೀತಿ ಜಾಸ್ತಿಯೇ ಇದೆ. ಆದರೆ ಖಾಸಗಿ ಎಫ್‌ಎಂ ಆಗಲಿ, ಊರಿನ ಸಂಘ-ಸಂಸ್ಥೆಗಳು ನಡೆಸುವ ಸಮುದಾಯ ಬಾನುಲಿ ಆಗಲಿ, ಸ್ವಂತ ಸುದ್ದಿ ಮಾಡುವಂತಿಲ್ಲ. ಪೇಪರು, ಟಿವಿಗೆ ಇರುವ ಹಕ್ಕು ಇವಕ್ಕೆ ಯಾಕಿಲ್ಲ? ಪ್ರಸಾರದ ತರಂಗಗಳು ಜನರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಅಲ್ವಾ?

ಮಳೆ, ಟ್ರಾಫಿಕ್, ನೀರು ಬಿಡುವ ಸಮಯ, ಇವನ್ನು ಎಫ್‌ಎಂನವರು ಹೇಳಬಹುದು. ಬೆಣ್ಣೆಹಳ್ಳ ಉಕ್ಕಿ ಹೆಸರಿನ ಬೆಳೆ ಕೊಚ್ಚಿಹೋದಾಗ, ಪರಿಹಾರ ಯಾಕೆ ಬಂದಿಲ್ಲ ಅಂತ ವಿಚಾರಿಸಿ ಸುದ್ದಿ ಮಾಡುವಂತಿಲ್ಲ. ನಮಗೆ ಬೇಕಾಗಿರುವುದು ಅದೇ.

ಎಂಟು ಜನ ಸೇರಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಮನವಿ ಬರೆಯುತ್ತಿದ್ದೇವೆ. ಕನ್ನಡದ ಕರಡು ಆಗಿದೆ. ಅದನ್ನು ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದುಕೊಡುವವರು ಬೇಕು. ವಕೀಲರು ಯಾರಾದರೂ ಒಮ್ಮೆ ಓದಿ ತಪ್ಪು ತಿದ್ದಿದರೆ ದೊಡ್ಡ ಉಪಕಾರ. ಇದೇ ವಿಷಯಕ್ಕೆ 2013ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಗಿತ್ತು. ಅದರ ಕಾಗದಪತ್ರ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ.

ಗದಗ, ಹಾವೇರಿ ಕಡೆಯ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರ ಸಂತೆಯ ದಿನ ಒಂದು ತಾಸು ಕೂತು ಸಹಿ ಮಾಡಿಸಿಕೊಡುತ್ತೀರಾ? ಸುಮ್ನೆ ಸಹಿ ಬೇಡ, ವಿಷಯ ತಿಳಿಸಿಯೇ ಮಾಡಿಸಿ. ಫಾರ್ಮ್ ನಾವೇ ಬಸ್ಸಿಗೆ ಕೊಟ್ಟು ಕಳಿಸುತ್ತೇವೆ. ಬರುವವರು ಕೆಳಗೆ ಊರಿನ ಹೆಸರು ಹಾಕಿ.