ಕೈಚಿತ್ರದ ಲೋಗೋಗೆ ಟ್ರೇಡ್‌ಮಾರ್ಕ್: ಮಾಡಿಸಿದವರು ಹೇಳಿ

ಕೇಳಿದ್ದು: ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಸೇವೆ. ಫೋನ್ ಮಾಡಿದವರ ಕಷ್ಟ ಕೇಳಿ, ಹೊಂದುವ ಕೌನ್ಸೆಲರ್ ಹತ್ತಿರ ಕಳಿಸುತ್ತೇವೆ. ಜಗಲಿ ಮೇಲೆ ಕೂತ ಇಬ್ಬರ ಚಿತ್ರ, ಕೆಳಗೆ ಕನ್ನಡದಲ್ಲಿ ಹೆಸರು. ಇದು ಲೋಗೋ. ಪರಿಚಯದ ಕಲಾವಿದೆ ಬರೆದುಕೊಟ್ಟದ್ದು. ನೋಂದಣಿಗೆ ಎಲ್ಲಿಂದ ಶುರು ಮಾಡಲಿ?

ಉತ್ತರ 1: ಅರ್ಜಿಗಿಂತ ಮೊದಲು ಕಲಾವಿದೆಯ ಸಹಿ. ದುಡ್ಡು ಕೊಟ್ಟಾಯ್ತು, ಚಿತ್ರ ನಮ್ಮದೇ ಅಂತ ನಾನೂ ಸುಮ್ನಿದ್ದೆ. ಹಾಗೆ ನಂಬಿ ಕೂರುವಂತಿಲ್ಲ, ಕಾಪಿರೈಟ್ ಬರಹದಲ್ಲೇ ಕೈ ಬದಲಾಗಬೇಕು. ಆಮೇಲೆ ‘ಲೋಗೋದ ಹಕ್ಕು ಇವರಿಗೆ ಕೊಟ್ಟಿದ್ದೇನೆ’ ಅಂತ ಒಂದು ಸಾಲು ಬರೆಸಿಕೊಂಡೆ. ವಕೀಲರು ನೋಡಿ ನಕ್ಕರು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾನೂನಿನ ಲೆಕ್ಕದಲ್ಲಿ 5 ವರ್ಷ ಮಾತ್ರ. ಎಲ್ಲೆಲ್ಲಿಗೆ ಅಂತ ಇಲ್ಲದಿದ್ದರೆ ಭಾರತದೊಳಗೆ ಮಾತ್ರ. ಅಷ್ಟೊತ್ತಿಗೆ ನನ್ನ ಲೋಗೋ ಬರೆದ ಹುಡುಗ ಪುಣೆ ಸೇರಿದ್ದ. ಯುಗಾದಿಗೆ ಊರಿಗೆ ಬಂದಾಗ ಹಿಡಿದು, ಒಬ್ಬಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ, ಎಷ್ಟು ವರ್ಷ, ಎಲ್ಲೆಲ್ಲಿ ಅಂತ ಬರೆದ ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಂಡೆ.

ಉತ್ತರ 2: ನಾವು ಎಡವಿದ್ದು ಕ್ಲಾಸಿನಲ್ಲಿ, ಅಂದರೆ ಸರಕು-ಸೇವೆಗಳನ್ನು ನಂಬರು ಕೊಟ್ಟು ವಿಂಗಡಿಸಿದ ವರ್ಗದಲ್ಲಿ. ಮನಶ್ಶಾಸ್ತ್ರಜ್ಞರ ಸೇವೆ ಬರುವುದು 44ರಲ್ಲಿ ಅಂತ ಅದೊಂದಕ್ಕೇ ಹಾಕಿದೆವು. ನಾವು ಮಾಡುವುದು ಕಳಿಸಿಕೊಡುವ ಕೆಲಸ ಅಲ್ವಾ? ವೈದ್ಯಕೀಯ ರೆಫರಲ್‌ನ ಆಡಳಿತ ಕೆಲಸ ಇರುವುದು 35ರಲ್ಲಿ. ಮತ್ತೆ ಅರ್ಜಿ, ಮತ್ತೆ ಫೀಸು. ಒಬ್ಬ ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ದಿಮೆ ಆದರೆ ಆನ್‌ಲೈನ್‌ನಲ್ಲಿ ಕ್ಲಾಸಿಗೆ 4,500 ರೂಪಾಯಿ, ಉಳಿದವರಿಗೆ 9,000. ಕರ್ನಾಟಕದ ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ.

ಕೇಳಿದವರು: ಹೆಸರಲ್ಲೇ ‘ಆಪ್ತಸಮಾಲೋಚನೆ’ ಅಂತ ಇದೆ. ತೊಂದರೆಯಾ?

ಉತ್ತರ 3: ಚಿತ್ರದ ಬಲದಿಂದ ಲೋಗೋ ಪಾಸಾಗಬಹುದು. ಆದರೆ ಸೇವೆಯನ್ನೇ ಹೇಳುವ ಪದ ನಿಮ್ಮೊಬ್ಬರದ್ದಾಗುವುದಿಲ್ಲ. ನಾಳೆ ಇನ್ನೊಬ್ಬರು ಬೇರೆ ಚಿತ್ರದ ಕೆಳಗೆ ಅದೇ ಪದ ಹಾಕಿದರೆ ತಡೆಯುವುದು ಕಷ್ಟ. ನಿಮ್ಮದೇ ಒಂದು ಪದ ಸೇರಿಸಿ, ಅದಕ್ಕೆ ವರ್ಡ್ ಮಾರ್ಕ್ (ಚಿತ್ರವಿಲ್ಲದೆ ಬರೀ ಪದಕ್ಕೆ ನೋಂದಣಿ) ಬೇರೆಯೇ ಹಾಕಿ. ಕನ್ನಡ ಅಕ್ಷರ ಇರುವುದರಿಂದ ಉಚ್ಚಾರ, ಅರ್ಥ ಎರಡನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕು. ಚಿತ್ರ ಕಪ್ಪು ಬಿಳುಪಿನಲ್ಲಿರಲಿ. ಬಣ್ಣಕ್ಕೆ ಕಟ್ಟಿಹಾಕಿಕೊಳ್ಳದಿದ್ದರೆ ಎಲ್ಲ ಬಣ್ಣಕ್ಕೂ ಸಲ್ಲುತ್ತದೆ. ಮೂಲೆಯಲ್ಲೆಲ್ಲಾದರೂ ರೆಡ್ ಕ್ರಾಸ್ ಗುರುತಿದ್ದರೆ ತೆಗೆಸಿ, ಅದನ್ನು ಹಾಗೆಲ್ಲ ಬಳಸುವಂತಿಲ್ಲ.

ಕಚೇರಿಯವರು ಅರ್ಜಿ ನೋಡಿ ಬರೆಯುವ ಪರೀಕ್ಷಾ ವರದಿ ಇಮೇಲ್‌ಗೆ ಬರುತ್ತದೆ, ಉತ್ತರಕ್ಕೆ ಒಂದೇ ತಿಂಗಳು. ನನ್ನದು ಸ್ಪ್ಯಾಮ್‌ನಲ್ಲಿ ಕೂತಿತ್ತು, 3 ದಿನ ಉಳಿದಾಗ ಕಣ್ಣಿಗೆ ಬಿತ್ತು. ಟ್ರೇಡ್‌ಮಾರ್ಕ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಬೇರೆಯವರು ತಕರಾರು ಎತ್ತಲು 4 ತಿಂಗಳು. ನೋಂದಣಿ ಆಗುವವರೆಗೆ ಬೋರ್ಡಿನಲ್ಲಿ ‘ಟಿಎಂ’ ಅಷ್ಟೇ. ಸುತ್ತು ಹಾಕಿದ ‘ಆರ್’ ಅಂದರೆ ನೋಂದಣಿ ಆಗಿದೆ ಅಂತ, ಅದನ್ನು ಈಗಲೇ ಹಾಕಿದರೆ ಅಪರಾಧ.

ಕೇಳಿದವರು: ಅಯ್ಯೋ, ಬೋರ್ಡಿಗೆ ಆಗಲೇ ‘ಆರ್’ ಬರೆಸಿಬಿಟ್ಟಿದ್ದೇನೆ! ಬೆಳಿಗ್ಗೆ ಪೇಂಟರ್ ಕರೆಸಿ, ಹಾಗೇ ಕಲಾವಿದೆ ಮನೆಗೆ ಹೋಗುತ್ತೇನೆ.